ಎರಡೂವರೆ ಘನ ಸೆಂಟಿಮೀಟರಿನ ಶಿಸ್ತು
ಮಾದರಿ ವಿಮಾನಗಳ ಓಟದ ಎಂಜಿನ್: ನಿಯಮದೊಳಗಿನ ಮಾರ್ಪಾಡು

ಮಾದರಿ ವಿಮಾನವೆಂದರೆ ಮಕ್ಕಳ ಆಟಿಕೆಯೆಂದು ಬಗೆಯುವವರೇ ಹೆಚ್ಚು. ಆದರೆ ಓಟದ ಸ್ಪರ್ಧೆಗೆ ಸಿದ್ಧಗೊಳ್ಳುವ ಮಾದರಿ ವಿಮಾನದ ಎಂಜಿನ್, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದರೂ, ಸೂಕ್ಷ್ಮ ಯಂತ್ರಗಾರಿಕೆಗೆ ಕಠಿಣ ಪರೀಕ್ಷೆಯೇ ಸರಿ. ಇಂತಹ ಎಂಜಿನ್‌ಗಳನ್ನು ತಯಾರಿಸುವವರೂ ತಿದ್ದುವವರೂ ಬಹುಮಟ್ಟಿಗೆ ಸಣ್ಣ ವರ್ಕ್‌ಶಾಪ್‌ಗಳವರು ಎಂಬುದು ಉದ್ಯಮಿಗಳ ಗಮನಕ್ಕೆ ಬರಬೇಕಾದ ಸಂಗತಿ.

ನಿಯಮಗಳ ಚೌಕಟ್ಟು

1905ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವೈಮಾನಿಕ ಕ್ರೀಡಾ ಒಕ್ಕೂಟವು (ಎಫ್‌ಎಐ) ಈ ಸ್ಪರ್ಧೆಗಳಿಗೆ ನಿಯಮ ರೂಪಿಸುತ್ತದೆ. ಅದರ 'ಎಫ್‌2ಸಿ' ಎಂಬ ತಂಡ ಓಟದಲ್ಲಿ ಮೂರು ವಿಮಾನಗಳು ಒಂದೇ ವೃತ್ತದಲ್ಲಿ ಏಕಕಾಲಕ್ಕೆ ಹಾರುತ್ತವೆ. ಚಾಲಕನು ವೃತ್ತದ ನಡುವೆ ನಿಂತು ಉಕ್ಕಿನ ತಂತಿಗಳ ಮೂಲಕ ವಿಮಾನವನ್ನು ನಿಯಂತ್ರಿಸಿದರೆ, ಅವನ ಜೊತೆಗಾರನಾದ ಮೆಕ್ಯಾನಿಕ್ ಅಂಚಿನಲ್ಲಿ ಕಾದಿರುತ್ತಾನೆ. ವೃತ್ತದ ತ್ರಿಜ್ಯ 15.92 ಮೀಟರ್; ಅಂದರೆ ಒಂದು ಸುತ್ತಿಗೆ 100 ಮೀಟರ್. ಪ್ರಾಥಮಿಕ ಸುತ್ತಿನ ಓಟ 100 ಸುತ್ತು, ಅಂತಿಮ ಓಟ 200 ಸುತ್ತು.

ಎಂಜಿನ್ನಿನ ಸಾಮರ್ಥ್ಯ 2.5 ಘನ ಸೆಂಟಿಮೀಟರ್ ಮೀರಕೂಡದು. ಇಂಧನ ಟ್ಯಾಂಕಿನಲ್ಲಿ 7 ಘನ ಸೆಂಟಿಮೀಟರಿಗಿಂತ ಹೆಚ್ಚು ಹಿಡಿಯಕೂಡದು. ಆದ್ದರಿಂದ ವಿಮಾನವು ನಡುವೆ ಇಳಿಯಲೇಬೇಕು. ಮೆಕ್ಯಾನಿಕ್ ಅದನ್ನು ಹಿಡಿದು, ಇಂಧನ ತುಂಬಿ, ಪ್ರೊಪೆಲರನ್ನು ಬೆರಳಿನಿಂದ ತಿರುಗಿಸಿ ಮತ್ತೆ ಬಿಡಬೇಕು.

ವೇಗವೋ, ಉಳಿತಾಯವೋ?

ಇಲ್ಲಿ ವ್ಯಾಪಾರಿಯ ಲೆಕ್ಕಾಚಾರವೇ ಮುಖ್ಯವಾಗುತ್ತದೆ. ಉದಾಹರಣೆಗೆ, ಒಂದು ವಿಮಾನವು ಗಂಟೆಗೆ 200 ಕಿ.ಮೀ. ವೇಗದಲ್ಲಿ ಹಾರಿ ಮೂರು ಬಾರಿ ಇಂಧನಕ್ಕೆ ನಿಲ್ಲುತ್ತದೆ. ಇನ್ನೊಂದು 192 ಕಿ.ಮೀ. ವೇಗದಲ್ಲಿ ಹಾರಿ ಎರಡೇ ಬಾರಿ ನಿಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಇಳಿದು ಏರುವ ನಷ್ಟವೂ ಸೇರಿ ಪ್ರತಿ ನಿಲುಗಡೆಗೆ 10 ಸೆಕೆಂಡ್ ಹಿಡಿದರೆ, 10 ಕಿ.ಮೀ. ದೂರಕ್ಕೆ ಮೊದಲನೆಯದಕ್ಕೆ 210 ಸೆಕೆಂಡ್, ಎರಡನೆಯದಕ್ಕೆ 207.5 ಸೆಕೆಂಡ್ ಬೇಕಾಗುತ್ತದೆ. ನಿಧಾನವಾದದ್ದೇ ಗೆಲ್ಲುತ್ತದೆ. ಆದಕಾರಣ ಕೇವಲ ಶಕ್ತಿಯನ್ನು ಹೆಚ್ಚಿಸುವ ಮಾರ್ಪಾಡು ಸೋಲಿಗೂ ಕಾರಣವಾಗಬಹುದು.

ಮಾರ್ಪಾಡು ಎಲ್ಲೆಲ್ಲಿ?

ಈ ವಿಭಾಗದಲ್ಲಿ ಬಳಕೆಯಲ್ಲಿರುವುದು 'ಮಾದರಿ ಡೀಸೆಲ್' ಎಂಜಿನ್. ಇದರ ಇಂಧನವು ಈಥರ್, ಸೀಮೆಎಣ್ಣೆ ಹಾಗೂ ಹರಳೆಣ್ಣೆಯಂತಹ ಜಾರೆಣ್ಣೆಯ ಮಿಶ್ರಣ. ಕಿಡಿಯ ವ್ಯವಸ್ಥೆಯಿಲ್ಲ, ಒತ್ತಡದ ಶಾಖದಿಂದಲೇ ಇಂಧನ ಉರಿಯುತ್ತದೆ. ಸಿಲಿಂಡರಿನ ಮೇಲ್ತುದಿಯ 'ಕಾಂಟ್ರಾ ಪಿಸ್ಟನ್' ಅನ್ನು ತಿರುಪಿನಿಂದ ಏರಿಳಿಸಿ ಒತ್ತಡವನ್ನು ಹೊಂದಿಸಲಾಗುತ್ತದೆ.

ಅನುಭವಿ ಕುಶಲಕರ್ಮಿಯು ಮೊದಲು ಹೊಸ ಭಾಗಗಳನ್ನು ಸೇರಿಸುವುದಿಲ್ಲ, ಇರುವುದನ್ನು ಸರಿಪಡಿಸುತ್ತಾನೆ. ಪೋರ್ಟ್‌ಗಳ ಅಂಚಿನ ಒರಟನ್ನು ತೆಗೆಯುವುದು, ಕ್ರ್ಯಾಂಕ್‌ಶಾಫ್ಟ್ ಮತ್ತು ಸಿಲಿಂಡರ್ ಪರಸ್ಪರ ಲಂಬವಾಗಿವೆಯೇ ಎಂದು ನೋಡುವುದು, ಬೇರಿಂಗ್ ಬಿಗಿಯಾಗದಂತೆ ಕೂರಿಸುವುದು ಇವೇ ಆರಂಭದ ಕೆಲಸಗಳು. ಘರ್ಷಣೆ ತಗ್ಗಿದಷ್ಟೂ ಅದೇ ಇಂಧನದಲ್ಲಿ ಹೆಚ್ಚು ಸುತ್ತು ದೊರೆಯುತ್ತದೆ.

ಪಿಸ್ಟನ್ ಮತ್ತು ಲೈನರ್ ಜೋಡಣೆ ಎಲ್ಲಕ್ಕಿಂತ ಸೂಕ್ಷ್ಮ. ಅನೇಕ ಓಟದ ಎಂಜಿನ್‌ಗಳಲ್ಲಿ ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪಿತ ಹಿತ್ತಾಳೆಯ ಲೈನರ್ ಇರುತ್ತವೆ, ಉಂಗುರ ಇರುವುದಿಲ್ಲ. ಉಕ್ಕಿಗಿಂತ ಹಿತ್ತಾಳೆ ಹೆಚ್ಚು ಹಿಗ್ಗುವುದರಿಂದ ಅದು ಅಲ್ಯೂಮಿನಿಯಂ ಪಿಸ್ಟನ್ನಿಗೆ ಹೊಂದುತ್ತದೆ. ಲೈನರಿನ ಮೇಲ್ಭಾಗ ಹೆಚ್ಚು ಕಾಯುವುದರಿಂದ, ತಣ್ಣಗಿದ್ದಾಗ ಅಲ್ಲಿ ತುಸು ಕಿರಿದಾಗಿರುವಂತೆ ಅದನ್ನು ತಯಾರಿಸುತ್ತಾರೆ.

ಗೆರೆ ದಾಟಿದರೆ

15 ಮಿ.ಮೀ. ಒಳವ್ಯಾಸ, 14 ಮಿ.ಮೀ. ಸ್ಟ್ರೋಕ್ ಇರುವ ಎಂಜಿನ್ನಿನ ಸಾಮರ್ಥ್ಯ 2.474 ಘನ ಸೆಂಟಿಮೀಟರ್, ನಿಯಮಕ್ಕೆ ಸಮ್ಮತ. ಸವೆದ ಉಕ್ಕಿನ ಲೈನರನ್ನು ಹೋನಿಂಗ್ ಮಾಡುವಾಗ ಒಳವ್ಯಾಸ 15.1 ಮಿ.ಮೀ. ಆಯಿತೆನ್ನಿ. ಸಾಮರ್ಥ್ಯ 2.507ಕ್ಕೇರುತ್ತದೆ! ಮಿಲಿಮೀಟರಿನ ಹತ್ತನೆಯ ಒಂದು ಭಾಗ ಎಂಜಿನ್ನನ್ನು ಸ್ಪರ್ಧೆಯಿಂದ ಹೊರಗಿಡಬಲ್ಲದು. ತಂಡಕ್ಕೆ ಗೆಲುವು ಕೈತಪ್ಪುತ್ತದೆ. ಕೆಲಸ ಮಾಡಿಕೊಟ್ಟ ವರ್ಕ್‌ಶಾಪಿಗೆ ಗ್ರಾಹಕನ ನಂಬಿಕೆ ಕೈತಪ್ಪುತ್ತದೆ.

ಆದ್ದರಿಂದ ಇಂತಹ ಕೆಲಸ ವಹಿಸಿಕೊಳ್ಳುವವರು ಕೆಲಸಕ್ಕೆ ಮುನ್ನ ಹಾಗೂ ನಂತರ ಒಳವ್ಯಾಸ ಮತ್ತು ಸ್ಟ್ರೋಕ್‌ಗಳನ್ನು ಅಳೆದು, ಲೆಕ್ಕಹಾಕಿದ ಸಾಮರ್ಥ್ಯದೊಡನೆ ಲಿಖಿತವಾಗಿ ಕೊಡುವುದು ಒಳ್ಳೆಯದು. ಅಳತೆಯ ಉಪಕರಣಗಳನ್ನು ಆಗಾಗ್ಗೆ ಪರಿಶೀಲಿಸಿಕೊಳ್ಳುವುದೂ ಅಷ್ಟೇ ಅಗತ್ಯ. ಪಂಪು, ಕವಾಟ, ಬೇರಿಂಗ್ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕೈಗಾರಿಕೆಗಳಿಗೂ ಈ ಮಾತು ಅನ್ವಯಿಸುತ್ತದೆ: ಗ್ರಾಹಕನು ಬೆಲೆ ಕೊಡುವುದು ಹೊಳಪಿಗಲ್ಲ, ನಂಬಬಹುದಾದ ಅಳತೆಗೆ.