ಬೀದರಿನ ಬಿಸಿಲು, ಆಲ್ಟಿಮೀಟರಿನ ಅಡಿಲೆಕ್ಕ

ಮನ್ನಾಏಖೇಳ್ಳಿ, ಹುಮನಾಬಾದ್ ಕಡೆಯವರಿಗೆ ಜೆಟ್ ವಿಮಾನ ಹೊಸದೇನಲ್ಲ. ಬೀದರ್ ವಾಯುನೆಲೆಯಲ್ಲಿ ವಾಯುಪಡೆಯ ಪೈಲಟ್‌ಗಳು 2008ರಿಂದ ಹಾಕ್ ವಿಮಾನಗಳಲ್ಲಿ ಪಳಗುತ್ತಿದ್ದಾರೆ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲೇ. 2020ರ ಫೆಬ್ರುವರಿಯಲ್ಲಿ ನಾಗರಿಕ ವಿಮಾನಕ್ಕೂ ಇಲ್ಲಿನ ಬಾಗಿಲು ತೆರೆಯಿತು. ಸಮುದ್ರಮಟ್ಟದಿಂದ ಈ ರನ್‌ವೇ ಸುಮಾರು 2,180 ಅಡಿ ಮೇಲಿದೆ. ಆದರೆ ಅಲ್ಲಿ ಸುಮ್ಮನೆ ನಿಂತ ವಿಮಾನದ ಎತ್ತರ ತೋರಿಸುವ ಆಲ್ಟಿಮೀಟರ್ ಬೆಳಿಗ್ಗೆ ಹೇಳಿದ್ದನ್ನು ಸಂಜೆ ಹೇಳುವುದಿಲ್ಲ. ಯಾರೂ ಮುಟ್ಟದಿದ್ದರೆ ಹತ್ತು ಗಂಟೆಯಿಂದ ನಾಲ್ಕು ಗಂಟೆಯೊಳಗೆ ಅದು ನೂರಡಿಯಷ್ಟು ‘ಏರಿ’ರುತ್ತದೆ.

ಚಕ್ರ ನೆಲ ಬಿಟ್ಟಿಲ್ಲ, ಉಪಕರಣವೂ ಕೆಟ್ಟಿಲ್ಲ.

ಆಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು. ಎರಡು ತೆಳು ತಟ್ಟೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಬೆಸೆದಂಥ ಲೋಹದ ಡಬ್ಬಿ ಅದರೊಳಗಿರುತ್ತದೆ. ಡಬ್ಬಿಯೊಳಗಿನ ಗಾಳಿಯನ್ನು ತೆಗೆದಿರುತ್ತಾರೆ. ವಿಮಾನದ ಮೈಮೇಲಿನ ಸಣ್ಣ ರಂಧ್ರಗಳಿಂದ ಹೊರಗಿನ ಒತ್ತಡ ಈ ಡಬ್ಬಿಯ ಸುತ್ತ ಬರುತ್ತದೆ. ಮೇಲೇರಿದಂತೆ ಒತ್ತಡ ತಗ್ಗಿ ಡಬ್ಬಿ ಉಬ್ಬುತ್ತದೆ, ಹಲ್ಲುಗಾಲಿಗಳು ಆ ಕೂದಲೆಳೆಯಷ್ಟು ಉಬ್ಬನ್ನು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ತಗ್ಗು ಪ್ರದೇಶದಲ್ಲಿ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ಸುಮಾರು 28 ಅಡಿ ಏರಿದಂತೆ. ಉಷ್ಣವಲಯದಲ್ಲಿ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕಕ್ಕೆ ಮೂರು-ನಾಲ್ಕು ಹೆಕ್ಟೊಪ್ಯಾಸ್ಕಲ್ ಇಳಿಯುವುದು ನಿತ್ಯದ ಮಾತು. ನೂರಡಿಯ ಗುಟ್ಟು ಇಷ್ಟೇ. ಮಾಗಿಯ ಚಳಿಗೂ ಮುಂಗಾರಿಗೂ ನಡುವೆ ದಖ್ಖನ್ನಿನಲ್ಲಿ ವ್ಯತ್ಯಾಸ ಹತ್ತರ ಆಸುಪಾಸಿಗೆ ಹೋಗುತ್ತದೆ.

ಅದಕ್ಕೇ ಉಪಕರಣಕ್ಕೊಂದು ತಿರುಪು, ಪುಟ್ಟ ಕಿಟಕಿ. ಸಮುದ್ರಮಟ್ಟಕ್ಕೆ ಹೊಂದಿಸಿದ ಆ ಹೊತ್ತಿನ ಒತ್ತಡವನ್ನು ನಿಯಂತ್ರಣ ಗೋಪುರ ಹೇಳುತ್ತದೆ, ಪೈಲಟ್ ಕಿಟಕಿಯಲ್ಲಿ ಅದನ್ನು ಕೂಡಿಸುತ್ತಾನೆ. ಪೈಲಟ್‌ಗಳ ಬಾಯಲ್ಲಿ ಇದು ‘ಕ್ಯೂಎನ್‌ಎಚ್’. ಎತ್ತರಕ್ಕೆ ಹೋದ ಮೇಲೆ ಎಲ್ಲರೂ 1013 ಹೆಕ್ಟೊಪ್ಯಾಸ್ಕಲ್‌ಗೆ ತಿರುಗಿಸುತ್ತಾರೆ. ಅಲ್ಲಿ ನೆಲ ದೂರ. ವಿಮಾನ ವಿಮಾನಗಳ ನಡುವಿನ ಅಂತರ ಕಾಪಾಡಲು ಎಲ್ಲರದೂ ಒಂದೇ ಲೆಕ್ಕವಿದ್ದರೆ ಸಾಕು.

ಈ ಕಿಟಕಿಯಲ್ಲಿ ಒಂದಂಕಿ ತಪ್ಪಿದರೆ? 2022ರ ಮೇ 23ರಂದು ಪ್ಯಾರಿಸ್‌ನ ಶಾರ್ಲ್ ಡಿ ಗಾಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಏರ್‌ಬಸ್ ಎ320ಕ್ಕೆ ವಾಯು ಸಂಚಾರ ನಿಯಂತ್ರಕರಿಂದ 1001ರ ಬದಲು 1011 ಎಂಬ ಸಂದೇಶ ಹೋಯಿತು. ಮಳೆಯಲ್ಲಿ ರನ್‌ವೇ ಕಾಣುತ್ತಿರಲಿಲ್ಲ. ಮುಳ್ಳಿನ ಪ್ರಕಾರ ಎಲ್ಲವೂ ಸರಿ, ನಿಜದಲ್ಲಿ ವಿಮಾನ 280 ಅಡಿ ಕೆಳಗಿತ್ತು. ರನ್‌ವೇ ಕಾಣದೆ ಪೈಲಟ್‌ಗಳು ಮತ್ತೆ ಮೇಲೆತ್ತಿದರು. ಅಷ್ಟರಲ್ಲಿ ಅದು ರನ್‌ವೇಗೆ ಸುಮಾರು ಒಂದೂವರೆ ಕಿಲೋಮೀಟರ್ ಇರುವಾಗಲೇ ನೆಲದಿಂದ ಬರೀ ಆರಡಿಗೆ ಬಂದಿತ್ತು. ಒಳಗೆ 178 ಜನ. ಎರಡನೇ ಯತ್ನದಲ್ಲಿ ಎಲ್ಲರೂ ಕ್ಷೇಮವಾಗಿ ಇಳಿದರು.

ಇನ್ನು ಉಷ್ಣತೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ಇಳಿಕೆ ಎಂಬ ಕಾಗದದ ವಾತಾವರಣವನ್ನು ನಂಬಿಯೇ ಆಲ್ಟಿಮೀಟರ್ ತಯಾರಾಗಿದೆ. ಆ ಲೆಕ್ಕದಲ್ಲಿ ಬೀದರ್ ಸದಾ 11 ಡಿಗ್ರಿಯ ಊರು! ಮೇ ತಿಂಗಳ 40 ಡಿಗ್ರಿಯಲ್ಲಿ ಗಾಳಿ ಹಿಗ್ಗಿರುತ್ತದೆ. ರನ್‌ವೇ ಮೇಲೆ 1,000 ಅಡಿ ಎಂದು ಮುಳ್ಳು ತೋರಿದಾಗ ವಿಮಾನ 1,100 ಅಡಿಯಲ್ಲಿರುತ್ತದೆ. ಇದು ಕಾಯುವ ತಪ್ಪು. ಚಳಿದೇಶದಲ್ಲಿ ತಪ್ಪು ತಿರುಗುಮುರುಗಾಗುತ್ತದೆ: ಸಮುದ್ರಮಟ್ಟದ ನಿಲ್ದಾಣದಲ್ಲಿ ಮೈನಸ್ 30 ಡಿಗ್ರಿ ಇದ್ದರೆ, ಸಾವಿರ ಅಡಿ ಬೇಕೆನ್ನುವ ಪೈಲಟ್ ಕೋಷ್ಟಕ ನೋಡಿ ಇನ್ನೂ 190 ಅಡಿ ಕೂಡಿಸಿಕೊಳ್ಳಬೇಕು.

ಹಾಗೆಂದು ಬೀದರಿನ ಬಿಸಿಲು ಪೂರಾ ಸ್ನೇಹಿತನಲ್ಲ. ಬಿಸಿಗಾಳಿ ತೆಳು, 40 ಡಿಗ್ರಿಯಲ್ಲಿ ಈ ರನ್‌ವೇ ಮೇಲಿನ ಗಾಳಿ ರೆಕ್ಕೆಗೂ ಎಂಜಿನಿಗೂ ಸುಮಾರು 5,700 ಅಡಿ ಎತ್ತರದ ಗಾಳಿಯಂತೆ ಒದಗುತ್ತದೆ, ಟೇಕಾಫ್‌ಗೆ ಓಟ ಉದ್ದವಾಗುತ್ತದೆ. ಅದನ್ನು ಆಲ್ಟಿಮೀಟರ್ ತೋರಿಸುವುದಿಲ್ಲ. ಥರ್ಮಾಮೀಟರ್ ನೋಡಿ ಪೈಲಟ್ಟೇ ಲೆಕ್ಕ ಹಾಕಬೇಕು.