ಮುಂಬಯಿ ಗಾಡಿ ಹತ್ತದ ಗಿಟಾರ್!

ಹಾನಗಲ್ಲಿನಲ್ಲಿ ರಸಮಂಜರಿ. ರಾತ್ರಿ ಹನ್ನೊಂದು ದಾಟಿತ್ತು. ಪೆಂಡಾಲು ತುಂಬಿ ರಸ್ತೆಯವರೆಗೂ ಜನ. ಹುಡುಗರದು ಒಂದೇ ಕೂಗು: "ಅಣ್ಣಾವ್ರ ಇಂಗ್ಲಿಷ್ ಹಾಡು!" ಯಾವ ಹಾಡು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕೆ? 1978ರ 'ಆಪರೇಷನ್ ಡೈಮಂಡ್ ರಾಕೆಟ್'. ಸಂಗೀತ ಜಿ.ಕೆ. ವೆಂಕಟೇಶ್.

ಹುಡುಗ ಗಾಯಕ ಕೂಲಿಂಗ್ ಗ್ಲಾಸ್ ಏರಿಸಿ ಶುರು ಹಚ್ಚಿಕೊಂಡ. ಅರ್ಧ ಹಾಡು ಸಲೀಸಾಗಿ ಹೋಯಿತು. ಆಮೇಲೆ... ಸಾಲು ಮರೆತೇ ಹೋಯಿತು! ಮೈಕು ಹಿಡಿದು ಕಣ್ಣು ಕಣ್ಣು ಬಿಡುತ್ತ ನಿಂತ. ಪಕ್ಕದ ಕುರ್ಚಿಯಲ್ಲಿದ್ದ ಗಿಟಾರಿನವರು ತಲೆ ಎತ್ತಲಿಲ್ಲ. ಬೆರಳು ಮಾತ್ರ ಓಡಿದವು. ತಾಳ ಅದೇ, ಧಾಟಿ ಅದೇ, ಸ್ವರ ಮಾತ್ರ ರೆಕಾರ್ಡಿನಲ್ಲಿ ಎಲ್ಲೂ ಇಲ್ಲದ್ದು! ಹುಡುಗನಿಗೆ ನೆನಪಾಗುವವರೆಗೂ ಹಾಡನ್ನು ಕೈಯಲ್ಲೇ ಹಿಡಿದಿದ್ದರು. ಅವನು ಉಸಿರೆಳೆದುಕೊಂಡ ಕೂಡಲೇ ತಂದು ಬಾಯಿಗೆ ಕೊಟ್ಟರು. ಶಿಳ್ಳೆಯೋ ಶಿಳ್ಳೆ!

ಅಷ್ಟೂ ಶಿಳ್ಳೆ ಹುಡುಗನಿಗೆ.

ಗಿಟಾರಿನವರು ಸವಣೂರಿನವರು. ವಯಸ್ಸು ಐವತ್ತರ ಮೇಲೆ. ನಾವೆಲ್ಲ ಚಾಚಾ ಅನ್ನುತ್ತೇವೆ. ಅವರ ತಂದೆ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಚಾಚಾ ಗಿಟಾರ್ ಹಿಡಿದರು. ಬೇಕಾದರೆ ಮ್ಯಾಂಡೊಲಿನ್, ಬೇಕಾದರೆ ಕೀಬೋರ್ಡ್. ಶಿಶುನಾಳ ಶರೀಫರ ತತ್ವಪದಕ್ಕೂ ಸೈ, ಡಿಸ್ಕೋ ಹಾಡಿಗೂ ಸೈ.

ವೇದಿಕೆಯ ಹಿಂದೆ ಹೋಗಿ ಕೈ ಕುಲುಕಿದೆ. ಅವರ ಮುಖದಲ್ಲಿ ನಗು ಇರಲಿಲ್ಲ.

"ತಮ್ಮಾ, ಈ ಗಿಟಾರ್ ಕೊಡಬೇಕಂತ ಮಾಡೀನಿ. ಯಾರರೆ ಗಿರಾಕಿ ಇದ್ರ ಹೇಳು."

"ಯಾಕ್ರೀ ಚಾಚಾ?"

"ಬರೂ ಶನಿವಾರ ಹಿರೇಕೆರೂರಾಗ ಪ್ರೋಗ್ರಾಂ ಐತಿ. ಹಾಡಾವ್ರು ಅಷ್ಟ ಬರ್ರಿ, ಟ್ರ್ಯಾಕ್ ಹಾಕ್ತೀವಿ ಅಂದಾರ. ಪೆನ್ ಡ್ರೈವಿಗೆ ಊಟ ಬ್ಯಾಡ, ಬಸ್ ಚಾರ್ಜ್ ಬ್ಯಾಡ. ನಾ ಯಾಕ ಬೇಕು?" ಎಂದವರು ನನ್ನನ್ನೇ ನೋಡಿದರು. "ನೀ ಸಿನಿಮಾ ಬರೆಯಾಂವ. ಹಾಡಿದವ್ರ ಹೆಸರು ಊರಿಗೆಲ್ಲ ಗೊತ್ತು. ಗಿಟಾರ್ ಬಾರಿಸಿದಾವ್ರ ಹೆಸರು ಒಂದರೆ ಹೇಳು ನೋಡೋಣು!"

ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಸಿನಿಮಾ ಬರೆಯಲು ಹೊರಟವನು ನಾನು. "ಅದರಿಂದ ಹೊಟ್ಟಿ ತುಂಬತೈತೇನು?" ಎಂದು ಅಪ್ಪ ಕೇಳಿದಾಗ ಇದೇ ಸಂಕಟವಾಗಿತ್ತು. ಶಿಗ್ಗಾಂವಿಗೆ ಬೆಳಗಿನ ಬಸ್ಸಿಗೆ ಇನ್ನೂ ನಾಲ್ಕು ತಾಸು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಚಾ ಹಿಡಿದು ಕೂತೆವು. ಒಂದಲ್ಲ, ಎರಡು ಹೆಸರು ಹೇಳಿದೆ.

ಸ್ಟುಡಿಯೋ ದಾರಿ

ಮೊದಲನೆಯದು ನಿಮಗೆಲ್ಲ ಗೊತ್ತಿರುವ ಹೆಸರೇ. ಆದರೆ ಗಿಟಾರಿಸ್ಟ್ ಅಂತ ಗೊತ್ತಿರಲಿಕ್ಕಿಲ್ಲ. ತಮಿಳುನಾಡಿನ ಪಣ್ಣೈಪುರದಿಂದ ಮದ್ರಾಸಿಗೆ ಬಂದ ಒಬ್ಬ ಹಳ್ಳಿ ಹುಡುಗ ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತ, ಗಿಟಾರ್ ಕಲಿತ. ನಮ್ಮ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತ, ಅವರಿಗೆ ಸಹಾಯಕನಾಗಿ ಕನ್ನಡ ಚಿತ್ರಗಳಿಗೇ ವರ್ಷಗಟ್ಟಲೆ ದುಡಿದ. 1976ರಲ್ಲಿ 'ಅನ್ನಕ್ಕಿಳಿ' ಬಂತು. ಆ ಹುಡುಗನೇ ಇಳಯರಾಜಾ! ಶಂಕರನಾಗ್ ಅವರ 'ಗೀತಾ' (1981), ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' (1983) ಕೇಳಿ ನೋಡಿ. ಗಿಟಾರ್ ಹಿಡಿದು ಬೆಳೆದ ಕೈ ತಾನೇ ಮಾತಾಡುತ್ತದೆ.

ಸ್ಟುಡಿಯೋ ಕೆಲಸ ಸುಲಭ ಅಂದುಕೊಳ್ಳಬೇಡಿ. ಆಗ ಹಾಡುವವರೂ ನುಡಿಸುವವರೂ ಒಟ್ಟಿಗೆ ಕೂತು ರೆಕಾರ್ಡ್ ಮಾಡಬೇಕಿತ್ತು. ಒಬ್ಬನ ಬೆರಳು ತಪ್ಪಿದರೆ ಎಲ್ಲರಿಗೂ ಇನ್ನೊಂದು ಟೇಕ್! ಬೆಳಿಗ್ಗೆ ಭಕ್ತಿಗೀತೆ, ಸಂಜೆ ಕ್ಲಬ್ ಡ್ಯಾನ್ಸ್. ಎದುರಿಗಿಟ್ಟ ನೊಟೇಶನ್ ನೋಡಿ ತಪ್ಪಿಲ್ಲದೆ ನುಡಿಸಿ, ಸಂಭಾವನೆ ತಗೊಂಡು ಮನೆಗೆ. ಹೆಚ್ಚಿನ ಚಿತ್ರಗಳಲ್ಲಿ ಹೆಸರು ತೆರೆಯ ಮೇಲೆ ಬರುತ್ತಿರಲಿಲ್ಲ.

"ಅವ್ರು ರಾಜಾ ಆದ್ರು ಬಿಡು," ಅಂದರು ಚಾಚಾ. "ರಾಜಾ ಆಗದ ಇದ್ದಾವ್ರ ಹೆಸರು ಹೇಳು."

ಬೆಂಗಳೂರಿನ ಹುಡುಗ

ಹೇಳಿದೆ: ಕಾರ್ಲ್‌ಟನ್ ಕಿಟ್ಟೊ. ಹುಟ್ಟಿದ್ದು 1942ರಲ್ಲಿ, ನಮ್ಮ ಬೆಂಗಳೂರಿನಲ್ಲೇ!

ಆ ಇಸವಿ ನೆನಪಿಡಿ. ಅದೇ 1942ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಂಬ ಕರಿಯ ಯುವಕ ಕ್ಷಯರೋಗದಿಂದ ತೀರಿಕೊಂಡ. ವಯಸ್ಸು ಬರೀ 25. ಅವನಿಗಿಂತ ಮೊದಲು ಜಾಝ್ ಬ್ಯಾಂಡುಗಳಲ್ಲಿ ಗಿಟಾರಿಗೆ ಹೆಚ್ಚಾಗಿ ತಾಳ ಕೊಡುವ ಕೆಲಸವಷ್ಟೆ. ತುತ್ತೂರಿಗಳ ಗದ್ದಲದಲ್ಲಿ ತಂತಿಯ ಸದ್ದು ಕೇಳುತ್ತಿರಲಿಲ್ಲ. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ, ಕರೆಂಟಿನ ಗಿಟಾರ್ ಹಿಡಿದು ತುತ್ತೂರಿಯ ಸರಿಸಮಕ್ಕೆ ನಿಂತ. ಅವನ ರೆಕಾರ್ಡುಗಳನ್ನು ಕೇಳಿ ಕೇಳಿ ಕೈ ಕುದುರಿಸಿಕೊಂಡವರು ಕಿಟ್ಟೊ.

ಜಾಝ್ ಅಂದರೇನು ಅಂತ ಕೇಳುತ್ತೀರಾ? ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲೇ ಇರುವ ಊರಿನ ಸುತ್ತಮುತ್ತಲಿನವರಿಗೆ ಇದು ಕಷ್ಟವಲ್ಲ. ಬಂದಿಶ್ ಒಂದು ಸಲ ಹಾಡಿ, ಆಮೇಲೆ ಅದೇ ರಾಗ, ಅದೇ ತಾಳದೊಳಗೆ ನಮ್ಮದೇ ದಾರಿ ಹುಡುಕುತ್ತ ಹೋಗಿ, ಸರಿಯಾಗಿ ಸಮ್‌ಗೆ ಬಂದು ಬೀಳುತ್ತೇವಲ್ಲ? ಜಾಝಿನಲ್ಲಿ ರಾಗದ ಜಾಗದಲ್ಲಿ ಕಾರ್ಡುಗಳ ಸಾಲು ಇರುತ್ತದೆ. ಆ ಸಾಲು ಬಿಡದೆ, ಹಾಡನ್ನು ಅಲ್ಲೇ, ಆಗಲೇ ಹೊಸದಾಗಿ ಕಟ್ಟಬೇಕು. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ 'ಬೀಬಾಪ್' ಅಂತೂ ನಮ್ಮ ದ್ರುತ್ ತಾನಿನ ಹಾಗೆ, ಓಟವೋ ಓಟ! ಕಿಟ್ಟೊ ಕೈಹಿಡಿದದ್ದು ಅದನ್ನೇ.

ಬೆಂಗಳೂರಿನಿಂದ ಮದ್ರಾಸು, 1970ರ ದಶಕದಲ್ಲಿ ಕಲ್ಕತ್ತೆಯ ಪಾರ್ಕ್ ಸ್ಟ್ರೀಟ್. ಟ್ರಿಂಕಾಸ್, ಬ್ಲೂ ಫಾಕ್ಸ್, ಮೊಕಾಂಬೊ, ಮೂಲಾನ್ ರೂಜ್... ಸಾಲು ಸಾಲು ರೆಸ್ಟೊರೆಂಟುಗಳು, ಒಳಗೆಲ್ಲ ಬ್ಯಾಂಡು. ನಮ್ಮ ಉಷಾ ಉತ್ತುಪ್ ಟ್ರಿಂಕಾಸಿನಲ್ಲಿ ಹಾಡಿ ಹೆಸರಾದವರು. ಕಿಟ್ಟೊ ಮೂಲಾನ್ ರೂಜಿನಲ್ಲಿ ನುಡಿಸಿದರು, ಲೂಯಿಸ್ ಬ್ಯಾಂಕ್ಸ್, ಪ್ಯಾಮ್ ಕ್ರೇನ್ ಅಂಥವರ ಜೊತೆ ನುಡಿಸಿದರು.

ಆಮೇಲೆ ದೀಪಗಳು ಒಂದೊಂದಾಗಿ ಆರಿದವು. ಮನರಂಜನೆ ತೆರಿಗೆಯ ಹೊರೆ ಒಂದು ಕಡೆ, ಬದಲಾದ ಕಾಲ ಇನ್ನೊಂದು ಕಡೆ. ಮಾಲೀಕರಿಗೆ ಬ್ಯಾಂಡು ಭಾರವಾಯಿತು. ವಾದ್ಯದವರು ಗಂಟುಮೂಟೆ ಕಟ್ಟಿದರು. ಲೂಯಿಸ್ ಬ್ಯಾಂಕ್ಸ್ ಅವರನ್ನು ಆರ್.ಡಿ. ಬರ್ಮನ್ ಅವರೇ ಮುಂಬಯಿಗೆ ಕರೆಸಿಕೊಂಡರು. ದೂರದರ್ಶನದಲ್ಲಿ 1988ರಲ್ಲಿ ಬಂದ 'ಮಿಲೇ ಸುರ್' ನೆನಪಿದೆಯಲ್ಲ? ಅದರ ಸಂಗೀತದಲ್ಲಿ ಅವರ ಕೈಯಿದೆ. ಹೋದವರು ತಪ್ಪು ಮಾಡಲಿಲ್ಲ. ಹೊಟ್ಟೆಪಾಡು ಯಾರಿಗೆ ಬಿಟ್ಟಿದ್ದು?

ಕಿಟ್ಟೊ ಮಾತ್ರ ಮುಂಬಯಿ ಗಾಡಿ ಹತ್ತಲಿಲ್ಲ. ಕಲ್ಕತ್ತೆಯಲ್ಲೇ ಉಳಿದರು. ಹೋಟೆಲಿನಲ್ಲಿ ಕರೆದರೆ ಹೋಟೆಲಿನಲ್ಲಿ, ಇಲ್ಲವಾದರೆ ಶಿಷ್ಯರೊಂದಿಗೆ. ಎಷ್ಟೋ ಹುಡುಗರಿಗೆ ಗಿಟಾರ್ ಹೇಳಿಕೊಟ್ಟರು. ಕೇಳುವವರು ಕಡಿಮೆಯಾದರೂ ಬೀಬಾಪ್ ಬಿಡಲಿಲ್ಲ. ಕೊನೆಗೆ ಸಿನಿಮಾವೇ ಅವರನ್ನು ಹುಡುಕಿಕೊಂಡು ಬಂತು! ಸುಶೀಲ್ ಕುರಿಯನ್ ಅವರು ಭಾರತದ ಜಾಝ್ ಕಥೆಯನ್ನು ಸಾಕ್ಷ್ಯಚಿತ್ರ ಮಾಡಿದಾಗ ಹೆಸರಿಟ್ಟದ್ದು 'ಫೈಂಡಿಂಗ್ ಕಾರ್ಲ್‌ಟನ್'. 2016ರ ನವೆಂಬರಿನಲ್ಲಿ ಕಿಟ್ಟೊ ತೀರಿಕೊಂಡರು. ಅಷ್ಟು ಹೊತ್ತಿಗೆ ಗಿಟಾರಿನ ಜೊತೆಗಿನ ಸಂಸಾರ ಅರ್ಧ ಶತಮಾನ ದಾಟಿತ್ತು.

"ಅದ ಜಾಝ್ ಏನು?"

ಚಾಚಾ ಚಾದ ಲೋಟ ಕೆಳಗಿಟ್ಟರು. "ಈ ಭಾಗದವ್ರಿಗೆ ಇದು ಹೊಸಾದಲ್ಲ ತಮ್ಮಾ," ಅಂದರು. ನಿಜ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆಯೇ ಸಂಗೀತಕ್ಕೆ ಇಡೀ ಬದುಕು ಕೊಟ್ಟವರು. ಪುಟ್ಟರಾಜರ ಕೈಗೆ ಒಗ್ಗದ ವಾದ್ಯವೇ ಇರಲಿಲ್ಲ ಅಂತ ಇಲ್ಲಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಪಂಚಾಕ್ಷರಿ ಗವಾಯಿಗಳ ಮೇಲೆ 1995ರಲ್ಲಿ ಚಿತ್ರ ಬಂದು ಹಂಸಲೇಖ ಅವರಿಗೂ ಎಸ್.ಪಿ.ಬಿ. ಅವರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು ಅಭಿಮಾನಿಗಳಿಗೆ ಮರೆಯುವ ಮಾತಲ್ಲ.

"ಚಾಚಾ, ಆ ಹುಡುಗ ಸಾಲು ಮರೆತಾಗ ನೀವು ಬಾರಿಸಿದ್ದು ಯಾವ ರೆಕಾರ್ಡಿನ್ಯಾಗ ಐತ್ರೀ?"

"ಎಲ್ಲೂ ಇಲ್ಲ. ಹಾಡು ಬೀಳಬಾರದಲ್ಲ, ಹಿಡಕೊಂಡೆ."

"ಅದ ಜಾಝ್ ರೀ!"

ನಕ್ಕರು. ಬಹಳ ಹೊತ್ತು ಸುಮ್ಮನಿದ್ದರು. ಬಸ್ಸು ಬಂತು. ಶಿಗ್ಗಾಂವಿಯಲ್ಲಿ ಇಳಿದು ಸವಣೂರಿನ ಬಸ್ಸು ಹತ್ತುವಾಗ ತಿರುಗಿ ಹೇಳಿದರು: "ಹಾಡಾಂವ ಮರೆತ್ರ ಟ್ರ್ಯಾಕ್ ನಿಲ್ಲೂದಿಲ್ಲ ತಮ್ಮಾ. ನಾ ನಿಲ್ತೀನಿ."

ಭಾನುವಾರ ಫೋನ್ ಬಂತು. ಹಿರೇಕೆರೂರಿಗೆ ಹೋಗಿದ್ದರಂತೆ. "ಚಾಚಾ ಇಲ್ದ ನಾ ಬರೂದಿಲ್ಲ" ಅಂತ ಆ ಹುಡುಗನೇ ಹಟ ಹಿಡಿದನಂತೆ. ಅರ್ಧ ಸಂಭಾವನೆ, ಪೂರ್ತಿ ಊಟ. ಗಿಟಾರ್ ಸದ್ಯಕ್ಕೆ ಮಾರಿಲ್ಲ. ಸದ್ಯಕ್ಕೆ ಅಷ್ಟೆ. ಮುಂದಿನ ತಿಂಗಳ ಮಾತು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅಭಿಮಾನಿ ಮಿತ್ರರೇ, ನಿಮ್ಮೂರಿನ ಜಾತ್ರೆಯಲ್ಲಿ ರಸಮಂಜರಿ ನಡೆದಾಗ ಗಾಯಕನಿಗೆ ಹೊಡೆಯುವಷ್ಟು ಶಿಳ್ಳೆ ಹೊಡೆಯಿರಿ, ಬೇಡ ಅನ್ನುವುದಿಲ್ಲ. ಆಮೇಲೆ ಒಂದು ಕ್ಷಣ ಪಕ್ಕದ ಕುರ್ಚಿಯ ಕಡೆ ನೋಡಿ. ತಲೆ ತಗ್ಗಿಸಿ ಕೂತ ಒಬ್ಬರು ಅಲ್ಲಿರುತ್ತಾರೆ. ಅವರ ಹೆಸರು ಕೇಳಿ. ಒಂದು ಶಿಳ್ಳೆ ಅವರಿಗೂ ಇರಲಿ!