ಹಳೆಯ ಕಾರಿನ ಕುಲಗೋತ್ರ

ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಬಾಡಿ ಮತ್ತು ಇಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಗೆ ಒಳಗಾಗದೆ ಮೂಲರೂಪದಲ್ಲಿಯೇ ಉಳಿದುಬಂದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನವನ್ನು ವಿಂಟೇಜ್ ವಾಹನವೆಂದು ಪರಿಗಣಿಸಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈ ತಿಂಗಳಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಅಂತಾರಾಷ್ಟ್ರೀಯ ವಾಹನ ಸಂಘಗಳ ವರ್ಗೀಕರಣದಲ್ಲಿ ಈ ಹೆಸರು 1919ರಿಂದ 1930ರವರೆಗೆ ತಯಾರಾದ ಕಾರುಗಳಿಗೆ ಮಾತ್ರ ಸಲ್ಲುತ್ತದೆ. ಅದರ ಮುಂದೆ ನಮ್ಮ ಸರ್ಕಾರದ ಅಳತೆಗೋಲು ತುಂಬ ಉದಾರವಾದದ್ದು. ಆದರೆ ಈ ಔದಾರ್ಯದಿಂದಲೇ, ಅರಮನೆಗಳ ರೋಲ್ಸ್‌ರಾಯ್ಸ್‌ಗೆ ಮೀಸಲಾಗಿದ್ದ ಮರ್ಯಾದೆ 1970ರ ದಶಕದ ಆರಂಭದವರೆಗೆ ಮಾರಾಟವಾದ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಪೆಟ್ರೋಲ್ ಜೀಪುಗಳಿಗೂ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಹೊರತಂದ ಮೋಟಾರ್‌ಸೈಕಲ್‌ಗಳಿಗೂ ದೊರೆತಿದೆ. ಅಂದರೆ ವಿಂಟೇಜ್ ವಾಹನದ ಜೀರ್ಣೋದ್ಧಾರವು ಮಹಾನಗರದ ಸಿರಿವಂತರ ಹವ್ಯಾಸವಾಗಿಯಷ್ಟೇ ಉಳಿಯದೆ, ತಾಲ್ಲೂಕು ಕೇಂದ್ರದ ವರ್ತಕರ, ವೈದ್ಯರ, ಜಮೀನುದಾರರ ಮನೆಯ ಹಿತ್ತಲಿಗೂ ಸಂಬಂಧಿಸಿದ ವಿಷಯವಾಗಿದೆ.

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಿಗೆ ಈ ವಿಷಯದಲ್ಲಿ ಎರಡು ವಿಶೇಷಗಳಿವೆ. ಮೊದಲನೆಯದು ಹವೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ಬೇಗನೆ ತುಕ್ಕು ಹಿಡಿದು ಜರಡಿಯಾಗುವ ತಗಡು ಈ ಒಣ ಬಯಲುಸೀಮೆಯಲ್ಲಿ ದಶಕಗಳ ಕಾಲ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಅದೇ ಬಿಸಿಲು ಬಾಗಿಲಿನ ಬೀಡಿಂಗ್, ಬ್ರೇಕ್ ಹೋಸ್, ಟೈರು ಮೊದಲಾದ ರಬ್ಬರಿನ ಭಾಗಗಳನ್ನು ಒಣಗಿಸಿ ಸೀಳುವುದರಿಂದ, ಇಲ್ಲಿ ಸಿಗುವ ಹಳೆಯ ಕಾರಿಗೆ ತಗಡಿನ ಕೆಲಸ ಕಡಿಮೆ, ರಬ್ಬರಿನ ಕೆಲಸ ಹೆಚ್ಚು. ಎರಡನೆಯದು ಕಾಗದಪತ್ರ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಸೀಮೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ, ಅದಕ್ಕೂ ಹಿಂದಿನ ವಾಹನಗಳ ದಾಖಲೆಗಳಲ್ಲಿ ಮದ್ರಾಸಿನ ಮುದ್ರೆಯೂ, ಅನಂತರದವುಗಳಲ್ಲಿ ಎಂವೈ ಅಕ್ಷರಗಳಿಂದ ಆರಂಭವಾಗುವ ಮೈಸೂರಿನ ಸಂಖ್ಯೆಯೂ ಇರುವುದು ಸಹಜ. ಮಾಸಿದ ಆ ಆರ್‌.ಸಿ. ಪುಸ್ತಕಕ್ಕೆ ಇಂಜಿನ್ನಿಗಿಂತ ಹೆಚ್ಚಿನ ಬೆಲೆಯಿದೆ ಎಂದರೂ ಸಲ್ಲುತ್ತದೆ, ಏಕೆಂದರೆ ಇಂಜಿನ್ನನ್ನು ಮತ್ತೆ ಕಟ್ಟಬಹುದು, ಕಳೆದ ದಾಖಲೆಯನ್ನು ಕಟ್ಟಲಾಗದು.

ಜೀರ್ಣೋದ್ಧಾರದಲ್ಲಿ ಪಾನಾ ಹಿಡಿಯುವುದಕ್ಕೂ ಮೊದಲು ಮಾಡಬೇಕಾದ ಕೆಲಸವೆಂದರೆ ವಾಹನದ ಕುಲವನ್ನು ಗುರುತಿಸುವುದು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಭಾರತದಲ್ಲಿ ತಯಾರಾದ ಕಾರುಗಳೆಲ್ಲ ಬಹುಮಟ್ಟಿಗೆ ವಿದೇಶಿ ಮಾದರಿಗಳ ಇಲ್ಲಿನ ಅವತಾರಗಳು. ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ ಮೂರರ ರೂಪ; ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಿಂದ ಬಂದ, ಮುಂದೆ ಪದ್ಮಿನಿಯೆಂದು ಹೆಸರಾದ ಕಾರು ಇಟಲಿಯ ಫಿಯಟ್ 1100; ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್; ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಜೋಡಿಸತೊಡಗಿದ ಜೀಪು ಅಮೆರಿಕದ ವಿಲ್ಲೀಸ್. ಈ ವಂಶಾವಳಿ ತಿಳಿದವರಿಗೆ ಬಿಡಿಭಾಗದ ಪೇಟೆ ಒಮ್ಮೆಲೇ ವಿಸ್ತಾರವಾಗುತ್ತದೆ. ಅಂಬಾಸಿಡರ್‌ಗೆ ಬಹುಕಾಲ ಶಕ್ತಿ ಕೊಟ್ಟ 1489 ಸಿ.ಸಿ.ಯ ಪೆಟ್ರೋಲ್ ಇಂಜಿನ್ ಬ್ರಿಟನ್ನಿನ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದ ಇಂಜಿನ್ನಿನ ಕುಟುಂಬಕ್ಕೇ ಸೇರಿದ್ದು, ಅಂಥ ಕಾರುಗಳನ್ನು ಇಟ್ಟುಕೊಂಡ ಹವ್ಯಾಸಿಗಳು ಆ ದೇಶದಲ್ಲಿ ಇಂದಿಗೂ ಇರುವುದರಿಂದ ಗ್ಯಾಸ್ಕೆಟ್, ವಾಲ್ವ್, ಬೇರಿಂಗ್‌ಗಳು ಹೊಸದಾಗಿ ತಯಾರಾಗುತ್ತಲೇ ಇವೆ. ಅತ್ತ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾಲೀಕರು ಅಂಬಾಸಿಡರ್‌ನ ಬಿಡಿಭಾಗಗಳಿಗಾಗಿ ಭಾರತದ ಕಡೆ ನೋಡುತ್ತಾರೆ.

ಕುಲ ಗುರುತಿಸದೆ ಕೈಹಾಕಿದರೆ ಆಗುವ ಹಾನಿಗೆ ಒಂದು ನಟ್ಟೇ ಸಾಕ್ಷಿ. ಹಿಂದುಸ್ತಾನ್ 10 ಎಂಬ ಹೆಸರಿನಲ್ಲಿ ಇಲ್ಲಿಗೆ ಬಂದ ಮಾರಿಸ್ ಟೆನ್ ಕಾರಿನ ಇಂಜಿನ್ನಿನಲ್ಲಿ ಬೋಲ್ಟಿನ ತಲೆ ಬ್ರಿಟಿಷ್ ವಿಟ್‌ವರ್ತ್ ಅಳತೆಯದಾಗಿದ್ದು ಅದಕ್ಕೆ ಆ ಅಳತೆಯ ಪಾನಾವೇ ಹಿಡಿಯುತ್ತದೆ, ಆದರೆ ಅದರ ಮರೆ, ಅಂದರೆ ಸುತ್ತಿಕೊಂಡಿರುವ ಥ್ರೆಡ್ಡು, ಮಿಲಿಮೀಟರ್ ಲೆಕ್ಕದ್ದು. ತಲೆ ನೋಡಿ ಅಂಗಡಿಯಿಂದ ವಿಟ್‌ವರ್ತ್ ಬೋಲ್ಟ್ ತಂದು ಬಲವಂತವಾಗಿ ತಿರುಗಿಸಿದರೆ ಬ್ಲಾಕಿನ ಮರೆಯೇ ಕಿತ್ತುಹೋಗಿ, ಹತ್ತು ರೂಪಾಯಿಯ ಬೋಲ್ಟಿಗಾಗಿ ಬ್ಲಾಕನ್ನೇ ಲೇತಿಗೆ ಒಯ್ಯಬೇಕಾಗುತ್ತದೆ. ವಿದ್ಯುತ್ತಿನ ಮಾತೂ ಹೀಗೆಯೇ: ಆ ಕಾಲದ ಬ್ರಿಟಿಷ್ ಮೂಲದ ಹಲವು ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಯ ತಗಡಿಗೆ ಅರ್ತ್ ಮಾಡುತ್ತಿದ್ದರು, ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿ ಇದ್ದದ್ದು 6 ವೋಲ್ಟಿನ ವ್ಯವಸ್ಥೆ, ಇಂದಿನ ರೂಢಿಯಂತೆ 12 ವೋಲ್ಟಿನ ಬ್ಯಾಟರಿ ತಂದು ಮೈನಸ್ ತುದಿಯನ್ನು ಬಾಡಿಯ ತಗಡಿಗೆ ಕೊಟ್ಟರೆ ಡೈನಮೊ ಮತ್ತು ಅದರ ಕಟೌಟ್ ರಿಲೇ ಹಾಳಾಗಬಹುದು. ಆದ್ದರಿಂದ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆ, ಬ್ಲಾಕಿನ ಎರಕದಲ್ಲೇ ಮೂಡಿಸಿರುವ ಅಂಕಿಗಳು, ಕಾರ್ಬುರೇಟರ್ ಮತ್ತು ಡೈನಮೊಗಳ ಮೇಲಿನ ಪಟ್ಟಿ, ಇವಿಷ್ಟನ್ನು ಒರೆಸಿ ಓದಿ ಬರೆದುಕೊಂಡು, ಆ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್ ಮತ್ತು ಬಿಡಿಭಾಗಗಳ ಸಂಖ್ಯೆ ಸಹಿತ ಚಿತ್ರ ಕೊಡುವ ಪಾರ್ಟ್ಸ್ ಕ್ಯಾಟಲಾಗ್ ದೊರಕಿಸಿಕೊಂಡ ಮೇಲೆಯೇ ಬಿಚ್ಚುವ ಕೆಲಸಕ್ಕೆ ತೊಡಗುವುದು ಬಲ್ಲವರ ಕ್ರಮ.

ಇಂಥ ಬಿಡಿಭಾಗಗಳಿಗೇ ಮೀಸಲಾದ ಪೇಟೆ ಈ ಐದು ತಾಲ್ಲೂಕುಗಳಲ್ಲಿ ಬೆಳೆದಿಲ್ಲ. ಕರ್ನಾಟಕದ ಮಟ್ಟಿಗೆ ಅದು ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ. ಹೊರಗೆ ಹೋದರೆ ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್. ಈ ಪೇಟೆಗಳಲ್ಲಿ ಎರಡು ಬಗೆಯ ಸರಕು ದೊರೆಯುತ್ತದೆ: ಕಂಪನಿಯ ಪೊಟ್ಟಣದಲ್ಲೇ ಮಾರಾಟವಾಗದೆ ಉಳಿದ ಹಳೆಯ ಸ್ಟಾಕ್ ಒಂದು, ಬಿಚ್ಚಿಹಾಕಿದ ಗಾಡಿಗಳಿಂದ ಬಂದ ಬಳಸಿದ ಮಾಲು ಇನ್ನೊಂದು. ಹಳೆಯ ಸ್ಟಾಕ್ ಎಂದ ಮಾತ್ರಕ್ಕೆ ನಂಬಿ ಕೊಳ್ಳುವಂತಿಲ್ಲ. ಲೋಹದ ಭಾಗಕ್ಕೆ ಅದು ಶ್ರೇಷ್ಠ, ಆದರೆ ನಲವತ್ತು ವರ್ಷ ಕಪಾಟಿನಲ್ಲಿದ್ದ ಬ್ರೇಕ್ ವಾಷರಿನ ರಬ್ಬರು ಪೊಟ್ಟಣದೊಳಗೇ ಮುಪ್ಪಾಗಿರುತ್ತದೆ.

ಎಲ್ಲೂ ಸಿಗದ ಭಾಗವನ್ನು ಮಾಡಿಸಬೇಕಾಗುತ್ತದೆ, ಮತ್ತು ತಾಲ್ಲೂಕು ಊರುಗಳ ಬಲ ಇರುವುದು ಇಲ್ಲಿಯೇ. ಲಾರಿ, ಟ್ರ್ಯಾಕ್ಟರುಗಳಿಗಾಗಿ ಬೆಳೆದುಬಂದ ಲೇತ್ ಅಂಗಡಿಯವರು, ರೇಡಿಯೇಟರಿನ ಹಿತ್ತಾಳೆ ಕೊಳವೆಗೆ ಬೆಸುಗೆ ಹಾಕುವವರು, ಕಮಾನ್ ಪಟ್ಟಿ ಕಾಯಿಸಿ ಬಾಗು ಕೊಡುವವರು, ಟಿಂಕರ್ ಕೆಲಸದವರು, ಕುಶನ್ ಹೊಲಿಯುವವರು ಮಾಡುವ ಕೆಲಸಗಳೇ ಹಳೆಯ ಕಾರಿಗೂ ಬೇಕಾದವು. ಪಿಸ್ಟನ್ ಓಡಾಡುವ ಸಿಲಿಂಡರಿನ ಗೋಡೆ ಸವೆದಾಗ ಅದನ್ನು ಸಮನಾಗಿ ಕೊರೆದು ಒಂದು ಅಳತೆ ದೊಡ್ಡ ಪಿಸ್ಟನ್ ಕೂಡಿಸುವುದು ಬೋರಿಂಗ್. ಕೊರೆಯುವಷ್ಟು ಲೋಹ ಉಳಿದಿರದಿದ್ದರೆ ಒಳಗೊಂದು ಎರಕದ ಕಬ್ಬಿಣದ ಕೊಳವೆ ಒತ್ತಿ ಮೂಲ ಅಳತೆಗೆ ತರುವುದು ಸ್ಲೀವ್ ಹಾಕುವುದು. ಹಾಗೆಯೇ ಬುಷ್, ಪಿನ್, ಶಾಫ್ಟುಗಳನ್ನು ಲೇತಿನಲ್ಲಿ ಇಳಿಸಬಹುದು, ಆದರೆ ಅದಕ್ಕೆ ಮಾದರಿ ಬೇಕು. ಸವೆದ ಹಳೆಯ ಭಾಗವೇ ಆ ಮಾದರಿಯಾದ್ದರಿಂದ ಅದನ್ನು ಎಸೆಯುವುದು ಈ ಕಸುಬಿನಲ್ಲಿ ಕ್ಷಮೆಯಿಲ್ಲದ ತಪ್ಪು. ಸ್ಟಿಯರಿಂಗ್ ಮತ್ತು ಬ್ರೇಕಿನ ಭಾಗಗಳನ್ನು ಮಾತ್ರ ಅಂದಾಜಿನ ಲೋಹದಲ್ಲಿ ಮಾಡಿಸದೆ, ತಡವಾದರೂ ಸರಿಯಾದದ್ದನ್ನೇ ತರಿಸುವುದು ಕ್ಷೇಮ.

ಸಲಹೆಯ ಮೂಲಗಳಲ್ಲಿ ಪೆಟ್ರೋಲ್ ಕಾಲದ ಹಿರಿಯ ಮೇಸ್ತ್ರಿಗಳದೇ ಅಗ್ರಸ್ಥಾನ. ಪೂರ್ಣಗೊಂಡ ವಾಹನ ಹೇಗಿರಬೇಕೆಂಬ ಕಣ್ಣಿನ ಪರಿಚಯಕ್ಕೆ ಧರ್ಮಸ್ಥಳದ ಕಾರು ಸಂಗ್ರಹಾಲಯವೂ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ಶ್ರೀರಂಗಪಟ್ಟಣದ ಬಳಿ ರೂಪುಗೊಂಡ ‘ಪಯಣ’ ಸಂಗ್ರಹಾಲಯವೂ ನೆರವಾಗುತ್ತವೆ. ಯಾವ ಕ್ಲಿಪ್ಪು ಎಲ್ಲಿ ಕೂರುತ್ತದೆ, ಬಂಪರಿನ ಅಂಚು ಎಷ್ಟು ಬಾಗಿರುತ್ತದೆ ಎಂಬ ಪ್ರಶ್ನೆಗಳಿಗೆ ಅಲ್ಲಿನ ಕಾರುಗಳೇ ಉತ್ತರ.

ಮೂಲರೂಪ ಉಳಿಸುವ ಮಾತಿಗೆ ಒಂದು ಹೋಲಿಕೆ: ಕೊಟ್ಟೂರಿನ ಗುರು ಕೊಟ್ಟೂರೇಶ್ವರ ಸ್ವಾಮಿಯ ತೇರು 2017ರ ಫೆಬ್ರುವರಿಯ ರಥೋತ್ಸವದಲ್ಲಿ ಅಚ್ಚು ಮುರಿದು ಉರುಳಿದ್ದು ಈ ಸೀಮೆಯವರ ನೆನಪಿನಲ್ಲಿದೆ. ತೇರನ್ನು ಪೂರ್ತಿ ಹೊಸ ಮರದಲ್ಲಿ ಕಟ್ಟಿದರೂ ಅದು ಸ್ವಾಮಿಯ ತೇರೇ; ಕಾರಿಗೆ ಆ ವಿನಾಯಿತಿ ಇಲ್ಲ. ಪೆಟ್ರೋಲಿನ ಬೆಲೆಗೆ ಬೇಸತ್ತು ಎಷ್ಟೋ ಜೀಪು, ಅಂಬಾಸಿಡರ್‌ಗಳಿಗೆ ಡೀಸೆಲ್ ಇಂಜಿನ್ ಕೂಡಿಸಿದ್ದು ಅಂದಿನ ಸಂಸಾರಗಳಿಗೆ ಜಾಣತನವೇ ಆಗಿತ್ತು, ಆದರೆ ಮೂಲ ಇಂಜಿನ್ ಗುಜರಿ ಸೇರಿದ್ದರೆ ಅಂಥ ಗಾಡಿ ವಿಂಟೇಜ್ ಮಾನ್ಯತೆಯಿಂದ ಹೊರಗುಳಿಯುವ ಸಂಭವವೇ ಹೆಚ್ಚು. ಮೆಟಾಲಿಕ್ ಬಣ್ಣ ಬಳಿದು, ಅಲಾಯ್ ಚಕ್ರ ತೊಡಿಸಿ, ಏಸಿ ಕೂಡಿಸಿ ಮಿಂಚಿಸುವುದನ್ನು ಜೀರ್ಣೋದ್ಧಾರವೆನ್ನಲಾಗದು. ಮಾಸಿದರೂ ಮೂಲ ಬಣ್ಣ ಉಳಿದ ಕಾರು ಅದಕ್ಕಿಂತ ಮೇಲು.

2021ರ ಆ ನಿಯಮದ ಪ್ರಕಾರ ಹೊಸದಾಗಿ ವಿಂಟೇಜ್ ನೋಂದಣಿ ಮಾಡಿಸಲು ಶುಲ್ಕ 20,000 ರೂಪಾಯಿ, ಅದರ ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ಹೊಸ ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ನಂತರ ವಿಎ ಎಂಬ ಅಕ್ಷರಗಳು ಬರುತ್ತವೆ, ಈಗಾಗಲೇ ನೋಂದಣಿಯಾಗಿರುವ ವಾಹನ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ಮತ್ತು ರಿಪೇರಿಗಾಗಿ ರಸ್ತೆಗಿಳಿಸಲು ಅವಕಾಶವಿದೆ. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಇಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಅಜ್ಜನ ಕಾಲದ ಕಾರೋ ಜೀಪೋ ನಿಂತಿರುವ ಮನೆಯವರು ಅದನ್ನು ತೂಕದ ಲೆಕ್ಕದಲ್ಲಿ ಕೊಡುವ ಮುನ್ನ ಆರ್‌.ಸಿ. ಪುಸ್ತಕವನ್ನೊಮ್ಮೆ ಹುಡುಕಿ, ಚಾಸಿಯ ಮೇಲಿನ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡಲಿ.